ಹಕ್ಕಿ ಕೂತ ನಾಲ್ಕು ಎಕರೆ

ನಸುಕಿನಲ್ಲೇ ಪಟಾಕಿ ಹೊಡೆಸಿ ಕೆರೆಯ ಹಕ್ಕಿಗಳನ್ನೆಲ್ಲ ಓಡಿಸಿದ್ದ ಸಾವುಕಾರ ಅಮರಗುಂಡಪ್ಪ, ಏಳು ಗಂಟೆಗೆ ಹಣೆತುಂಬ ವಿಭೂತಿ ಬಳಿದುಕೊಂಡು ಏರಿಯ ಮೇಲೆ ನಿಂತು, ಹಕ್ಕಿ ನೋಡಲು ಬಂದವರಿಗೆ ಮಂಡಕ್ಕಿ-ಮಿರ್ಚಿ ಹಂಚುತ್ತಿದ್ದ. ಕುರಿ ಹೊಡೆದುಕೊಂಡು ಬಂದ ಆದೆಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಲಿಂಗಸುಗೂರಿನಿಂದ ಹನ್ನೆರಡು ಮಂದಿ ಕೊರಳಿಗೆ ದುರ್ಬೀನು ಹಾಕಿಕೊಂಡು ಬಂದಿದ್ದರು. ಕಾಲೇಜಿನಲ್ಲಿ ಪಾಠ ಹೇಳುವ ನಾಗವೇಣಿ ಅವರ ಮುಂದಾಳು. ಅವಳು ಬರೆದ ಹಕ್ಕಿ ಲೆಕ್ಕ ತಾಲೂಕು ಕಚೇರಿಗೆ ಹೋಗುತ್ತದೆ. ಹಕ್ಕಿ ಇಲ್ಲವೆಂದರೆ ಕೆರೆ ಸತ್ತಿದೆಯೆಂದು ಷರಾ. ಸತ್ತ ಕೆರೆಗೆ ಮಣ್ಣು ತುಂಬಿ ಸೈಟು ಮಾಡಲು ಅಮರಗುಂಡಪ್ಪ ಅರ್ಜಿ ಹಾಕಿ ಕಾಯುತ್ತಿದ್ದ. ಆದೆಮ್ಮನ ನಲವತ್ತು ಕುರಿಗಳಿಗೆ ಬೇರೆ ನೀರಿಲ್ಲ. ಕಾಲುವೆಯೇನೋ ಹರಿಯುತ್ತದೆ, ದಾರಿಯೆಲ್ಲ ಸಾವುಕಾರನ ಗದ್ದೆ.

"ಹಕ್ಕಿ ಎಲ್ಲೈತ್ರೀ ಮೇಡಂ, ಬರೇ ಜಾಲಿ. ಇನ್ನೊಂದು ಮಿರ್ಚಿ ತಗೋರಿ," ಎಂದ ಅಮರಗುಂಡಪ್ಪ.

ನಾಗವೇಣಿ ಸೊನ್ನೆ ಬರೆಯಲು ಪೆನ್ನು ತೆಗೆದಳು.

ಕೆರೆಯ ನೀರಿಗೆ ಹೊಂದಿಕೊಂಡ ನಾಲ್ಕು ಎಕರೆ ಗದ್ದೆಯ ಬದುವಿನಲ್ಲಿ ಸಾವುಕಾರನ ಆಳು ಶಿವರಾಜ ಟ್ರ್ಯಾಕ್ಟರ್ ಮೇಲೆ ಕೂತು ಮೊಬೈಲ್ ತಿಕ್ಕುತ್ತಿದ್ದ. ನಾಟಿಗೆ ಮುಂಚೆ ಗದ್ದೆ ಕೆಸರು ಹೊಡೆಯಬೇಕು. ಕೆಸರಿನಲ್ಲಿ ಚಕ್ರ ತಿರುಗಿತೆಂದರೆ ಹುಳ ಮೇಲೇಳುತ್ತವೆ, ಸುತ್ತಲಿನ ಹಕ್ಕಿಗೆಲ್ಲ ಊಟದ ಕರೆ. ಅದಕ್ಕೇ ಬಂದವರು ಹೋದ ಮೇಲೆ ಶುರು ಮಾಡೆಂದು ಸಾವುಕಾರ ಅವನಿಗೆ ಹೇಳಿದ್ದ.

ಆದೆಮ್ಮ ಹತ್ತಿರ ಹೋದಳು. "ಏನಲೇ ಶಿವ್ಯಾ, ಇನ್ನಾ ಕುಂತೀಯಲ್ಲ? ಸಾವ್ಕಾರ್ರು ಹೊಡಿ ಅಂದಾರ."

"ಈಗನಾ?"

"ಈಗಲ್ದ ನಿನ್ನ ಮದಿವ್ಯಾಗ ಹೊಡೀತಿಯೇನು?"

"ಯಕ್ಕಾ, ಬೈಸ್ತೀ ನೀ ನನ್ನ."

"ಬೈದ್ರ ನನ್ನ ಹೆಸರ ಹೇಳು."

ಟ್ರ್ಯಾಕ್ಟರ್ ಗದ್ದೆಗಿಳಿಯಿತು. ಮೊದಲು ನಾಲ್ಕು ಬೆಳ್ಳಕ್ಕಿ ಬಂದವು. ಆಮೇಲೆ ಪಟಾಕಿಗೆ ಚೆದುರಿದ್ದ ಮೆಟ್ಟುಗಾಲು ಹಕ್ಕಿ, ಕೊಕ್ಕರೆ, ಟಿಟ್ಟಿಭ, ಹೆಸರೇ ಗೊತ್ತಿಲ್ಲದ ಪರದೇಶಿಗಳು, ಹಿಂಡುಹಿಂಡಾಗಿ. ದುರ್ಬೀನುಗಳೆಲ್ಲ ಒಮ್ಮೆಗೇ ಆ ಕಡೆ ತಿರುಗಿದವು. ಯಾರೂ ಮಿರ್ಚಿ ಮುಟ್ಟಲಿಲ್ಲ.

"ಕೆರಿ ಒಳಗಿನ ಹಕ್ಕಿ ಅಷ್ಟ ಬರೀಬೇಕ್ರಿ," ಎಂದಳು ನಾಗವೇಣಿ. "ಈ ಜಾಗ ಕೆರೀದೋ, ಹೊಲಾನೋ?"

"ಹೊಲಾರೀ. ನಮ್ದ," ಎಂದ ಅಮರಗುಂಡಪ್ಪ, ಅವಸರದಲ್ಲಿ.

"ಹಂಗಾರ ಪಹಣಿ ನಂಬರ್ ಹೇಳ್ರಿ, ಬರಕೋತೀನಿ."

ಪಹಣಿ ಎಲ್ಲಿಂದ ಬರಬೇಕು? ವರ್ಷಕ್ಕಿಷ್ಟು ಬದು ಮುಂದೆ ತಳ್ಳಿ ಕೆರೆಯಿಂದಲೇ ನುಂಗಿದ ನಾಲ್ಕು ಎಕರೆ ಅದು. ಹೊಲವೆಂದರೆ ಒತ್ತುವರಿ ಹೊರಬೀಳುತ್ತದೆ. ಕೆರೆಯೆಂದರೆ ಸೈಟು ಹೋಗುತ್ತದೆ.

"ಹೇಳ್ರೀ ಸಾವ್ಕಾರ್ರ," ಎಂದಳು ಏರಿಗೆ ಮರಳಿದ್ದ ಆದೆಮ್ಮ ಮೆತ್ತಗೆ, "ಪಾಪ, ಮೇಡಂ ಪೆನ್ನ ಹಿಡಕೊಂಡ ನಿಂತಾರ."

ಅವನು ಒಮ್ಮೆ ಅವಳನ್ನು, ಒಮ್ಮೆ ಟ್ರ್ಯಾಕ್ಟರನ್ನು ನೋಡಿದ. "ಕೆರೀ ಅಂತನ ಬರಕೋರಿ."

ಮುನ್ನೂರ ಹನ್ನೆರಡು ಹಕ್ಕಿ ಕಾಗದಕ್ಕೆ ಏರಿದವು.

"ಅಲ್ರೀ, ಮತ್ತ ಕೆರ್ಯಾಗ ಟ್ರ್ಯಾಕ್ಟರ್ ಯಾಕ ಓಡಾಕತ್ತೈತಿ?" ಎಂದು ಕೇಳಿದಳು ನಾಗವೇಣಿ.

"ಹಕ್ಕಿಗೆ ಹುಳ ಎಬ್ಬಸಾಕ ಬಿಟ್ಟಾರ್ರೀ," ಎಂದಳು ಆದೆಮ್ಮ. "ಡೀಜಲ್ಲೂ ಅವರದ. ದೊಡ್ಡ ಮನಸ್ಸಿನವ್ರು. ಅದನ್ನೂ ಬರಕೋರಿ."

ನಾಗವೇಣಿ ನಗು ಬಾರದಂತೆ ತುಟಿ ಕಚ್ಚಿಕೊಂಡು ಅದನ್ನೂ ಬರೆದಳು. ಆಮೇಲೆ ಹಾಳೆಯನ್ನು ಅಮರಗುಂಡಪ್ಪನ ಮುಂದೆ ಹಿಡಿದಳು.

"ಸಾಕ್ಷಿ ಅಂತ ಇಲ್ಲೊಂದು ಸಹಿ ಮಾಡ್ರಿ."