ಯಾರ ಅಳತೆಯ ಅಡುಗೆಮನೆ

ಅಕ್ಕನ ಸೊಂಟದ ಆಪರೇಷನ್‌ಗೆಂದು ಆನೇಕಲ್‌ಗೆ ಹೋಗಿದ್ದ ಶಶಿಕಲಾ ಮೂರು ವಾರ ಕಳೆದು ಜಿಗಣಿಯ ತನ್ನ ಮನೆಗೆ ಮರಳಿದಾಗ, ಗಂಡ ದೇವರಾಜ್ ಬಾಗಿಲಲ್ಲೇ ಅವಳ ಕಣ್ಣು ಮುಚ್ಚಿದ. ಹಾಗೇ ನಡೆಸಿಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲಿಸಿ ಕೈ ತೆಗೆದ.

ಮಾವ ಕಟ್ಟಿಸಿದ್ದ ಹಳೆಯ ಕಡಪಾ ಕಲ್ಲಿನ ಕಟ್ಟೆ ಇರಲಿಲ್ಲ. ಅದರ ಜಾಗದಲ್ಲಿ ಮಿರಮಿರ ಮಿನುಗುವ ಗ್ರಾನೈಟ್, ಸೂರಿನವರೆಗೆ ಬಿಳಿ ಕಪಾಟುಗಳು, ಗಾಜಿನ ಒಲೆ, ಮೇಲೊಂದು ಚಿಮಣಿ. ಪಕ್ಕದಲ್ಲಿ ಡಿಸೈನರ್ ಸಿದ್ಧಾರ್ಥ್ ಮೊಬೈಲ್ ಹಿಡಿದು ನಿಂತಿದ್ದ.

"ಮೇಡಂ, ಒಂದೇ ಒಂದು ರಿಯಾಕ್ಷನ್ ವಿಡಿಯೋ. ನಮ್ಮ ಪೇಜ್‌ಗೆ ಹಾಕ್ತೀವಿ. ಸ್ಮೈಲ್ ಮಾಡಿ."

ಶಶಿಕಲಾ ನಗಲಿಲ್ಲ. "ಕಿಟಕಿ ಎಲ್ಲಿ?" ಎಂದಳು.

"ಆ ದೊಡ್ಡ ಕಪಾಟಿನ ಹಿಂದೆ ಹೋಯ್ತು ಮೇಡಂ. ಸ್ಟೋರೇಜ್ ಡಬಲ್ ಆಯ್ತಲ್ಲ."

ಅವಳು ಕಟ್ಟೆಯ ಮುಂದೆ ಹೋಗಿ ನಿಂತಳು. ಕಲ್ಲಿನ ಅಂಚು ಪಕ್ಕೆಲುಬಿಗೆ ತಾಗಿತು. "ಇದು ಎತ್ತರ ಆಯ್ತು."

"ಸ್ಟ್ಯಾಂಡರ್ಡ್ ಹೈಟ್ ಮೇಡಂ. ಒಂದು ವಾರದಲ್ಲಿ ಅಡ್ಜಸ್ಟ್ ಆಗ್ಬಿಡತ್ತೆ."

ದೇವರಾಜನ ಮುಖ ಚಿಕ್ಕದಾಯಿತು. ಅತ್ತೆ ಅಂಜನಮ್ಮ ಹಿಂದಿನಿಂದ ಗೊಣಗಿದರು: "ಏನೋ ಆಸೆಪಟ್ಟು ಮಾಡ್ಸವ್ನೆ ಕಣಮ್ಮಿ. ಬಂದೇಟ್ಗೆ ಇಂಗೆ ಕೊಂಕು ತೆಗೀಬ್ಯಾಡ."

ಶಶಿಕಲಾ ತನ್ನ ಚೀಲ ಎತ್ತಿಕೊಂಡು ಕೋಣೆಗೆ ಹೋದಳು. ಅವಳು ಕೆಲಸ ಮಾಡುವ ಗಾರ್ಮೆಂಟ್ಸ್‌ನಲ್ಲಿ ಹೊಸ ಹುಡುಗಿ ಸೇರಿದರೆ ಮೊದಲು ಅವಳನ್ನು ಕೂರಿಸಿ, ಕುರ್ಚಿ ಏರಿಸಿ ಇಳಿಸಿ ನೋಡುತ್ತಾರೆ. ಯಾರೋ ಹಾಕಿಕೊಳ್ಳುವ ಅಂಗಿಯ ಕಾಲರ್ ಹೊಲಿಯಲು ಅಷ್ಟು ನಿಗಾ. ಇಪ್ಪತ್ತೆರಡು ವರ್ಷ ಮೂರು ಹೊತ್ತು ತಾನೇ ಬೇಯಿಸಿದ ಮನೆಯಲ್ಲಿ ಒಬ್ಬರೂ ತನ್ನನ್ನು ಒಂದು ಮಾತು ಕೇಳಲಿಲ್ಲ.

ಮಾರನೇ ದಿನದಿಂದ ಪಾಡು ಶುರುವಾಯಿತು. ಇಡೀ ಅಡುಗೆಮನೆಗೆ ಇದ್ದದ್ದು ಒಂದೇ ಪ್ಲಗ್ ಪಾಯಿಂಟ್, ಅದೂ ಫ್ರಿಜ್ಜಿನ ಹಿಂದೆ. ಮಿಕ್ಸಿ ಹಾಲ್‌ಗೆ ಹೋಯಿತು. ಅವಳು ಟಿವಿ ಮುಂದೆ ನೆಲದ ಮೇಲೆ ಕೂತು ಚಟ್ನಿ ರುಬ್ಬಿದಳು. ಸಿಂಕ್ ಒಲೆಗೆ ಅಂಟಿಕೊಂಡೇ ಇತ್ತು. ಲೋಟ ತೊಳೆದರೆ ನೀರು ಬಾಣಲೆಯ ಎಣ್ಣೆಗೆ ಹಾರಿ ಚಟಪಟ ಸಿಡಿಯುತ್ತಿತ್ತು. ಚಿಮಣಿಗೆ ಹೊರಗೆ ಹೋಗುವ ಪೈಪೇ ಇರಲಿಲ್ಲ. ಎಳೆದುಕೊಂಡ ಹೊಗೆಯನ್ನು ಅದು ಮೇಲಿನಿಂದ ಮತ್ತೆ ಒಳಗೇ ಬಿಡುತ್ತಿತ್ತು. ಕಿಟಕಿಯೂ ಇಲ್ಲ. ಒಗ್ಗರಣೆ ಹಾಕಿದರೆ ಅಂಜನಮ್ಮ ಕೋಣೆಯಲ್ಲಿ ಕೂತಲ್ಲೇ ಕೆಮ್ಮುತ್ತಿದ್ದರು.

ಭಾನುವಾರ ಮಧ್ಯಾಹ್ನ ಮುದ್ದೆಗೆ ಇಟ್ಟಳು. ಮುದ್ದೆ ತಿರುವಬೇಕಾದರೆ ಕೋಲಿನ ಮೇಲೆ ಮೈಭಾರ ಬಿಡಬೇಕು. ಪಾತ್ರೆಯ ಬಾಯಿ ಅವಳ ಎದೆಯ ಮಟ್ಟಕ್ಕಿತ್ತು. ಭಾರ ಬಿಡುವುದು ಹೇಗೆ? ಸ್ಟೂಲ್ ಹಾಕಿ ಹತ್ತಿದಳು. ಎರಡು ಸುತ್ತು ತಿರುವಿದ್ದಳೋ ಇಲ್ಲವೋ, ಹೊಸ ಟೈಲ್ಸಿನ ಮೇಲೆ ಸ್ಟೂಲ್ ಜಾರಿತು. ಕುದಿಯುವ ಹಿಟ್ಟು ಎಡಗೈ ಮೇಲೆ ಮೊಣಕೈವರೆಗೂ ಬಿತ್ತು.

ಆಸ್ಪತ್ರೆಯಿಂದ ಬ್ಯಾಂಡೇಜ್ ಕಟ್ಟಿಸಿಕೊಂಡು ಬರುವಾಗ ಆಟೋದಲ್ಲಿ ದೇವರಾಜ್ ಮೆಲ್ಲಗೆ ಹೇಳಿದ: "ಸ್ವಲ್ಪ ನೋಡ್ಕೊಂಡು ನಿಂತ್ಕೋಬಾರ್ದಿತ್ತಾ?"

ಅವಳು ತಿರುಗಿಯೂ ನೋಡಲಿಲ್ಲ. ಬಾಯಿ ತೆರೆದರೆ ಆಟೋದವನ ಎದುರೇ ಕೂಗಿಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು.

ಮರುದಿನ ಸಿಂಕಿನ ಕೆಳಗೆ ನೀರು ಸೋರುತ್ತಿದೆಯೆಂದು ಗಾರೆ ಕೆಲಸದ ಬಸಲಿಂಗ ಬಂದ. ಯಾದಗಿರಿ ಕಡೆಯವನು, ಜಿಗಣಿಯಲ್ಲೇ ರೂಮು ಮಾಡಿಕೊಂಡಿದ್ದ. ಈ ಕಟ್ಟೆ ಕಟ್ಟಿದವನೂ ಅವನೇ. ಬ್ಯಾಂಡೇಜ್ ನೋಡಿ ಕರಣೆ ಕೆಳಗಿಟ್ಟ.

"ನಾ ಅವತ್ತ ಹೇಳಿದ್ದೆರೀ ಅಕ್ಕಾರ. ಅಡಿಗಿ ಮಾಡೋರು ಯಾರದಾರ, ಅವರನ್ನ ಕರೀರಿ, ಅಳತಿ ತಗೊಂಡು ಕಟ್ತೀನಿ ಅಂದೆ. ಆ ಡಿಸೈನರ್ ಸಾಹೇಬ್ರು, ನೀ ಕಲ್ಲ ಇಡು, ಉಳಿದದ್ದು ನಿನಗ್ಯಾಕ ಅಂದ್ರು."

"ಮತ್ತೆ ಇದು ಯಾರ ಅಳತೆ?"

ಬಸಲಿಂಗ ತಲೆ ಕೆರೆದುಕೊಂಡ. "ಎದುರಿಗಿ ಯಜಮಾನ್ರು ನಿಂತಿದ್ರಲ್ರೀ. ಸಾಹೇಬ್ರು ಅವರಿಗಿ ನಿಂತು ನೋಡ್ರಿ ಅಂದ್ರು. ಬರೋಬ್ಬರಿ ಐತಿ ಅಂತ ಅವರಂದ್ರು."

ಸಂಜೆ ದೇವರಾಜ್ ಫ್ಯಾಕ್ಟರಿಯಿಂದ ಬಂದು ಚಪ್ಪಲಿ ಬಿಡುವವರೆಗೂ ಅವಳು ಕಾಯಲಿಲ್ಲ.

"ಬಸಲಿಂಗ ನನ್ನನ್ನ ಕರೀರಿ ಅಂದಿದ್ನಂತೆ. ಯಾಕ್ರೀ ಕರೀಲಿಲ್ಲ?"

"ಸರ್ಪ್ರೈಸ್ ಮಾಡೋಣ ಅಂತ..."

"ಆನೇಕಲ್ ಎಷ್ಟು ದೂರ? ವಾರಕ್ಕೆರಡು ಸಲ ಬರ್ತಿದ್ರಿ. ಹೋಗ್ಲಿ, ಈಗ್ಲಾದ್ರೂ ಹೇಳಿ. ನಾನು ಎಷ್ಟು ಎತ್ತರ ಇದೀನಿ?"

ದೇವರಾಜ್ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಐದು... ಐದೂ ಕಾಲು ಅಡಿ?"

"ನಾಲ್ಕಡಿ ಹತ್ತಿಂಚು!" ಅವಳ ದನಿ ಮೊದಲ ಸಲ ಬೀದಿಗೆ ಕೇಳಿಸಿತು. "ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಓಡಾಡಿದೀನಿ. ಕಪಾಟಿನ ಬಣ್ಣ ಆರಿಸೋಕೆ ಮೂರು ದಿನ ತಗೊಂಡ್ರಂತೆ. ನನ್ನ ಎತ್ತರ ಗೊತ್ತಿಲ್ಲ! ನಿಮಗೆ ಬರೋಬ್ಬರಿ ಇದೆ ಅಲ್ವಾ? ಹಾಗಾದ್ರೆ ನೀವೇ ಅಡುಗೆ ಮಾಡಿ. ಈ ಕಟ್ಟೆ ಇಲ್ಲಿರೋ ತನಕ ನಾನು ಒಲೆ ಹಚ್ಚಲ್ಲ."

ಅಂಜನಮ್ಮ ಬಾಯಿ ತೆರೆದವರು, ಸೊಸೆಯ ಕೈಯ ಬ್ಯಾಂಡೇಜ್ ನೋಡಿ ಮುಚ್ಚಿಕೊಂಡರು.

ಅವಳು ಆಡಿದಂತೆ ನಡೆದುಕೊಂಡಳು. ದೇವರಾಜ್ ಬೆಳಿಗ್ಗೆ ಐದಕ್ಕೆ ಎದ್ದು ಮಿಕ್ಸಿ ಹೊತ್ತು ಹಾಲ್‌ಗೂ ಅಡುಗೆಮನೆಗೂ ಓಡಾಡಿದ. ಅವನ ಮೊದಲ ಮುದ್ದೆ ಬರೀ ಗಂಟು. "ಇದೇನ್ಲಾ, ಇಟ್ಟೋ ಗೋಲಿನೋ?" ಎಂದು ಅಂಜನಮ್ಮ ತಟ್ಟೆ ಸರಿಸಿದರು. ಕಟ್ಟೆಯ ಎತ್ತರ ಅವನಿಗೆ ಸರಿಯಿತ್ತು, ನಿಜ. ಉಳಿದದ್ದು ಒಂದೂ ಸರಿಯಿರಲಿಲ್ಲ. ಆರನೇ ದಿನ ಮೆಣಸಿನಕಾಯಿ ಘಾಟಿಗೆ ಕಣ್ಣೀರು ಸುರಿಸುತ್ತ, ಕೆನ್ನೆಗೆ ಎಣ್ಣೆ ಸಿಡಿಸಿಕೊಂಡು ಹೊರಬಂದವನು ನೇರ ಸಿದ್ಧಾರ್ಥ್‌ಗೆ ಫೋನ್ ಹಚ್ಚಿದ.

"ಸಾರ್, ಹ್ಯಾಂಡೋವರ್ ಆದ್ಮೇಲೆ ಚೇಂಜಸ್ ಮಾಡಕ್ಕಾಗಲ್ಲ," ಎಂದ ಸಿದ್ಧಾರ್ಥ್.

"ಒಂದ್ಸಲ ಬಂದು ಇಲ್ಲಿ ನಿಂತು ಒಗ್ಗರಣೆ ಹಾಕು ಗುರು! ಹೊಗೆ ಎಲ್ಲಿಗೆ ಹೋಗತ್ತೆ ತೋರಿಸು!" ಎಂದು ದೇವರಾಜ್ ಕಿರುಚಿದ.

ಶಶಿಕಲಾ ಅವನ ಕೈಯಿಂದ ಫೋನ್ ತೆಗೆದುಕೊಂಡಳು. "ನಿಮ್ಮ ಮನೇಲಿ ಅಡುಗೆ ನೀವು ಮಾಡ್ತೀರಾ?"

"ಇಲ್ಲ ಮೇಡಂ, ಅಮ್ಮ ಮಾಡ್ತಾರೆ."

"ಅವರನ್ನ ಯಾವತ್ತಾದ್ರೂ ಒಂದು ಮಾತು ಕೇಳಿದೀರಾ?"

ಅವಳು ಫೋನ್ ಇಟ್ಟಳು.

ಮುಂದಿನ ಭಾನುವಾರ ಬಸಲಿಂಗನನ್ನು ಕರೆಸಿದ್ದು ದೇವರಾಜನೇ. ಈ ಸಲ ಸುತ್ತಿಗೆ ಎತ್ತುವ ಮೊದಲು ಶಶಿಕಲಾ ಸೀಮೆಸುಣ್ಣ ಹಿಡಿದು ಹಾಲ್‌ನ ನೆಲದ ಮೇಲೆ ಅಡುಗೆಮನೆಯಷ್ಟೇ ಜಾಗಕ್ಕೆ ಗೆರೆ ಎಳೆದಳು. ಇಲ್ಲಿ ಫ್ರಿಜ್, ಇಲ್ಲಿ ಸಿಂಕ್, ನಡುವೆ ತರಕಾರಿ ಹೆಚ್ಚಲು ಎರಡಡಿ ಜಾಗ, ಆಮೇಲೆ ಒಲೆ. ಖಾಲಿ ಪಾತ್ರೆ ಹಿಡಿದು ಗೆರೆಗಳ ನಡುವೆ ಸಾರು ಮಾಡಿದಂತೆ, ಬಡಿಸಿದಂತೆ ಓಡಾಡಿದಳು. ಫ್ರಿಜ್ಜಿನ ಬಾಗಿಲು ತೆರೆದರೆ ದಾರಿ ಕಟ್ಟುತ್ತಿತ್ತು. ಆ ಗೆರೆ ಅಳಿಸಿ ಆಚೆ ಬರೆದಳು. ಆಮೇಲೆ ಅಡುಗೆಮನೆಯೊಳಗೆ ಗ್ರೈಂಡರ್ ಕೂರುವ ಕಡೆ ಗೋಡೆಗೆ ಗುರುತು ಹಾಕಿ, "ಇಲ್ಲೊಂದು ಪ್ಲಗ್, ಅಲ್ಲೊಂದು" ಎಂದಳು.

ಬಸಲಿಂಗ ಟೇಪು ತೆಗೆದ. "ಮೊಣಕೈ ಮಡಚಿ ನಿಂದರ್ರಿ ಅಕ್ಕಾರ. ಕೆಲಸದ ಕಟ್ಟಿ ಈ ಮೊಣಕೈಗಿಂತ ಆರಿಂಚು ಕೆಳಗ. ಒಲಿ ಇಡೋ ಕಡೆ ಇನ್ನೊಂದು ನಾಕಿಂಚು ಇಳಿಸ್ತೀನಿ. ಮುದ್ದಿ ತಿರುವಲಿಕ್ಕಿ ತಾಕತ್ತು ಸಿಗತೈತಿ."

ಕಪಾಟು ಬಿಚ್ಚಿ ಕಿಟಕಿ ಹೊರತೆಗೆಯುವ ಕೆಲಸ ದೇವರಾಜನದಾಯಿತು. ಧೂಳು ಮೆತ್ತಿದ ಮುಖದಲ್ಲಿ ಕೇಳಿದ: "ಇನ್ನೂ ಕೋಪಾನಾ?"

"ಹೂಂ," ಎಂದಳು. "ಕಟ್ಟೆ ಮೇಲಲ್ಲ."

ಅವನು ಮುಂದಿನ ಕಪಾಟಿನ ಸ್ಕ್ರೂ ಬಿಚ್ಚತೊಡಗಿದ.

ತಿಂಗಳಾದ ಮೇಲೆ ಪಕ್ಕದ ಬೀದಿಯ ನಂಜಪ್ಪ ಬಂದ. ತಾನೂ ಅಡುಗೆಮನೆ ಒಡೆಸುವವನಿದ್ದ. ವರಾಂಡದಲ್ಲಿ ಕೂತು ದೇವರಾಜನಿಗೆ ಹೇಳಿದ: "ಏನೇನು ತಪ್ಪಾಗತ್ತೆ ಸ್ವಲ್ಪ ಹೇಳಿ ಸಾರ್, ನಿಮಗೆ ಅನುಭವ ಆಗಿದೆಯಲ್ಲ."

"ಮೊದಲು ಏನಪ್ಪಾ ಅಂದ್ರೆ..." ಎಂದು ದೇವರಾಜ್ ಗಂಟಲು ಸರಿಮಾಡಿಕೊಂಡ.

ಶಶಿಕಲಾ ಕೈ ಒರೆಸಿಕೊಳ್ಳುತ್ತ ಹೊರಬಂದಳು. ಮುಂಗೈಯಿಂದ ಮೊಣಕೈವರೆಗೆ ಸುಟ್ಟ ಚರ್ಮ ಇನ್ನೂ ಕೆಂಪಗಿತ್ತು.

"ನಿಮ್ಮನೆಯವರನ್ನ ಕರ್ಕೊಂಡು ಬನ್ನಿ ನಂಜಪ್ಪೋರೇ, ಅವರ ಹತ್ರ ನಾನು ಮಾತಾಡ್ತೀನಿ," ಎಂದಳು. ಗಂಡನ ಕಡೆ ತಿರುಗಿ, "ನೀವು ಟೀಗಿಡಿ ಹೋಗಿ" ಎಂದಳು.