ಎಲ್ಲರ ಮೈಮೇಲೂ ಅದೇ ಕೋಟು

"ಈ ಫೋಟೋದಲ್ಲಿರೋರು ಲಕ್ಷಣವಾಗಿದಾರೆ. ಅವರನ್ನೇ ಕಳಿಸಪ್ಪ. ನೀನ್ಯಾಕೆ ಬಂದೆ?"

ತೆರಿಗೆ ಕಚೇರಿಯ ಗುಮಾಸ್ತ ಇಷ್ಟು ಹೇಳಿ, ಕಿಟಕಿಯ ಹಿಂದಿದ್ದ ಕಂಪ್ಯೂಟರಿನ ಪರದೆಯನ್ನು ಹೊರಗಿನವರಿಗೂ ಕಾಣುವ ಹಾಗೆ ತಿರುಗಿಸಿದ. ಬೆಂಚಿನ ಮೇಲಿದ್ದವರು ಕತ್ತು ಚಾಚಿ ಒಮ್ಮೆ ಪರದೆ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ನಕ್ಕರು. ಕೂತು ಕೂತು ಬೇಸತ್ತವರಿಗೆ ಪುಕ್ಕಟೆ ತಮಾಷೆ ಸಿಕ್ಕಿತ್ತು, ಯಾರು ಬಿಡುತ್ತಾರೆ?

ಪರದೆಯ ಮೇಲಿದ್ದವನು ನಾನೇ. ಆದರೆ ಅವನ ಕೆನ್ನೆಯ ಮೇಲೆ ಗಾಯದ ಗೀರಿರಲಿಲ್ಲ. ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿದ್ದ. ಮೈಮೇಲೆ ನೀಲಿ ಕೋಟು, ಕೆಂಪು ಟೈ. ನಾನು ಜನ್ಮದಲ್ಲಿ ಕೋಟು ಹಾಕಿದವನಲ್ಲ.

ಅದು ನನ್ನ ಸೋದರಮಾವನ ಕೈಚಳಕ. ಅವನದು ಫೋಟೋ ಸ್ಟುಡಿಯೊ. ನಾನು ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಅಲ್ಲಿ ಸೇರಿಕೊಂಡವನು. ಫೋಟೋ ತೆಗೆಯುವುದು, ಫ್ರೇಮಿಗೆ ಗಾಜು ಕತ್ತರಿಸುವುದು, ನೆಲ ಗುಡಿಸುವುದು ಎಲ್ಲ ನನ್ನ ಪಾಲು. ಕಂಪ್ಯೂಟರಿನ ಮುಂದೆ ಕೂತು ಜನರ ಮುಖ ತೊಳೆಯುವುದು ಮಾತ್ರ ಮಾವನ ಪಾಲು. ಮೊಡವೆ ಒರೆಸುತ್ತಾನೆ, ಬೋಳುತಲೆಗೆ ಕೂದಲು ನಾಟುತ್ತಾನೆ, ಜೋತುಬಿದ್ದ ಗದ್ದವನ್ನು ಕೊಯ್ದು ಬಿಸಾಡುತ್ತಾನೆ, ಕೊನೆಗೆ ಕೋಟು ಅಂಟಿಸುತ್ತಾನೆ. ಅಂಗಡಿಯಿಂದ ಹೊರಗೆ ಹೋಗುವ ಒಂದೊಂದು ಫೋಟೋವೂ ಅಂಗಡಿಯ ಬೋರ್ಡೇ ಎಂಬುದು ಅವನ ದೊಡ್ಡ ಸಿದ್ಧಾಂತ. ನನ್ನದನ್ನು ಇದ್ದ ಹಾಗೇ ಬಿಡು ಎಂದು ನಾನು ಹೇಳಿದ್ದೆ. ಈ ಮೂತಿ ಇಟ್ಟುಕೊಂಡು ಸರ್ಕಾರದ ಮುಂದೆ ಹೋಗುತ್ತೀಯಾ ಎಂದು ಕೇಳಿದ್ದ. ಆ ಮೂತಿಯ ಮೇಲೆ ಗೀರು ಎಳೆದದ್ದು ಅವನ ಅಂಗಡಿಯ ಗಾಜೇ. ಆಗ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಪುರುಸೊತ್ತಿಲ್ಲದವನು ಈಗ ಕಂಪ್ಯೂಟರಿನಲ್ಲಿ ವಾಸಿ ಮಾಡಿದ್ದ.

ನಾನು ಅರ್ಜಿ ಹಾಕಿದ್ದ ತೆರಿಗೆ ಕಾರ್ಡು ನನಗೆ ಸುಮ್ಮನೆ ಬೇಕಿರಲಿಲ್ಲ. ಊರಾಚೆಯ ಬಟ್ಟೆ ಮಿಲ್ಲಿನವರಿಗೆ ಕೆಲಸಗಾರರ ಗುರುತಿನ ಚೀಟಿಗೆ ಫೋಟೋ ತೆಗೆಯುವವನು ಬೇಕಿತ್ತು. ವರ್ಷವಿಡೀ ಕೆಲಸ. ಮಿಲ್ಲಿನ ಮ್ಯಾನೇಜರು ನನ್ನ ಕೆಲಸ ನೋಡಿ, ನಿನ್ನ ಹೆಸರಿಗೇ ಗುತ್ತಿಗೆ ಕೊಡುತ್ತೇನೆ, ತಿಂಗಳ ಕೊನೆಯೊಳಗೆ ತೆರಿಗೆ ಕಾರ್ಡು ತಂದುಕೊಡು ಎಂದಿದ್ದರು. ಅದು ಸಿಕ್ಕಿದ್ದರೆ ಮಾವನ ಹಂಗು ಹರಿಯುತ್ತಿತ್ತು. ಸ್ವಂತ ಕ್ಯಾಮೆರಾ, ಸ್ವಂತ ಬಾಡಿಗೆ ಕೋಣೆ. ಆದರೆ ಕೇಳಿದಾಗೆಲ್ಲ ಈ ಗುಮಾಸ್ತನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು, ಪರಿಶೀಲನೆಯಲ್ಲಿದೆ. ಏನು ಪರಿಶೀಲನೆ, ಯಾರ ಪರಿಶೀಲನೆ ಎಂದು ಕೇಳಿದರೆ ಸತ್ತ ಮೀನಿನ ಹಾಗೆ ನೋಡುತ್ತಿದ್ದ. ಅರ್ಜಿ ಕೊಟ್ಟ ದಿನ ಕಿಟಕಿಯಲ್ಲಿ ಅವರೇ ಕ್ಯಾಮೆರಾದಲ್ಲಿ ಹಿಡಿದ ಮುಖಕ್ಕೂ ನಾನು ಕೊಟ್ಟ ಫೋಟೋಗೂ ತಾಳೆಯಾಗಿಲ್ಲ ಎಂಬ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದ ಮಹಾಶಯ, ಇವತ್ತು, ಬೆಂಚು ತುಂಬಿದ ಮೇಲೆ, ಕಕ್ಕಿದ್ದ.

ಹೊಸ ಫೋಟೋ ತಂದು ಮೊದಲಿನಿಂದ ಶುರು ಮಾಡು ಎಂದ. ಎಷ್ಟು ದಿನ ಹಿಡಿಯುತ್ತದೆ ಎಂದೆ. ಅದನ್ನು ಹೇಳಲು ತಾನೇನು ಜ್ಯೋತಿಷಿಯೇ ಎಂದ. ಬೆಂಚು ಮತ್ತೆ ನಕ್ಕಿತು.

ಎಲ್ಲರಿಗಿಂತ ಜೋರಾಗಿ ನಕ್ಕವಳು ಒಬ್ಬ ದರ್ಜಿ ಹೆಂಗಸು. ಮುಂದಿನ ಸರದಿ ಅವಳದೇ. ಪರದೆ ಇನ್ನೂ ಹೊರಗಡೆಗೇ ತಿರುಗಿತ್ತು. ಅವಳ ಫೋಟೋ ಬಂತು. ಮುಖದ ನೆರಿಗೆಯೆಲ್ಲ ಇಸ್ತ್ರಿ ಮಾಡಿದ ಹಾಗೆ ಮಾಯ. ಮೈಮೇಲೆ ನೀಲಿ ಕೋಟು, ಕೆಂಪು ಟೈ. ಅವಳ ನಗು ಅಲ್ಲೇ ನಿಂತಿತು. ಅವಳ ಹಿಂದೆ ಬಂದ ಲಾರಿ ಡ್ರೈವರನದೂ ಅದೇ ಕಥೆ. ಕೋಟಿನ ಗುಂಡಿ ಕೂಡ ಅದೇ.

"ಏನ್ರಯ್ಯಾ," ಎಂದ ಗುಮಾಸ್ತ, "ಎಲ್ರೂ ಒಂದೇ ಮದುವೆಗೆ ಹೊರಟಿದ್ರಾ?"

ಈ ಸಲ ಯಾರೂ ನಗಲಿಲ್ಲ. ಡ್ರೈವರು ನನ್ನನ್ನು ದುರುಗುಟ್ಟಿಕೊಂಡು ನೋಡಿದ. ಫೋಟೋ ತೆಗೆದ ಕೈ ಯಾವುದೆಂದು ಅವನಿಗೆ ನೆನಪಾಗಿತ್ತು. ಕಾರ್ಡಿಲ್ಲದೆ ಲಾರಿ ನಿಲ್ಲಿಸಿಕೊಂಡು ಕೂತಿದ್ದೇನೆ, ನಿನ್ನ ಅಂಗಡಿಗೆ ಬೆಂಕಿ ಬೀಳ ಎಂದು ಶಪಿಸಿದ. ದರ್ಜಿ ಹೆಂಗಸೂ ದನಿಗೂಡಿಸಿದಳು. ಕೋಟು ಅಂಟಿಸಿಕೊಂಡ ದಿನ ಇವರೆಲ್ಲ ಕನ್ನಡಿ ಮುಂದೆ ನಿಂತ ಮದುಮಕ್ಕಳ ಹಾಗೆ ಬೀಗಿದ್ದರು. ಒಬ್ಬರಾದರೂ ಇದು ನನ್ನ ಮುಖವಲ್ಲ ಎಂದಿರಲಿಲ್ಲ. ಇಂಥವರ ಬೈಗುಳಕ್ಕೆ ನಾನು ಉತ್ತರ ಖರ್ಚು ಮಾಡುವವನಲ್ಲ. ನನ್ನ ಸಿಟ್ಟನ್ನೆಲ್ಲ ಮಾವನಿಗೆಂದು ಜೋಪಾನವಾಗಿ ತೆಗೆದುಕೊಂಡು ಹೊರಟೆ.

ಸ್ಟುಡಿಯೊದಲ್ಲಿ ಮಿಲ್ಲಿನ ಮ್ಯಾನೇಜರು ಕೂತಿದ್ದರು. ಗಿರಾಕಿಗಳಿಗೆಂದು ಹಾಕಿದ ಸೋಫಾ, ಕೈಯಲ್ಲಿ ಟೀ. ಎದುರಿಗೆ ಮಾವ, ಬಾಯಿ ಕಿವಿಗೆ ತಾಗುವ ಹಾಗೆ ನಗುತ್ತ. ನನ್ನನ್ನು ನೋಡಿದ್ದೇ ಮ್ಯಾನೇಜರು ಕಣ್ಣನ್ನು ಟೀ ಲೋಟದೊಳಗೆ ಇಳಿಸಿದರು.

ನಡೆದದ್ದನ್ನು ಮಾವನೇ ಬಿಡಿಸಿ ಹೇಳಿದ, ಉಪಕಾರ ಮಾಡಿದವನ ಧಾಟಿಯಲ್ಲಿ. ನನ್ನ ಕಾರ್ಡು ಯಾವ ಕಾಲಕ್ಕೆ ಬರುತ್ತದೋ, ಬಂದ ಕೆಲಸ ಮನೆ ಬಿಟ್ಟು ಹೋಗಬಾರದಲ್ಲ, ಅದಕ್ಕೇ ಗುತ್ತಿಗೆಯನ್ನು ತನ್ನ ಹೆಸರಿಗೆ ಬರೆಸಿಕೊಂಡನಂತೆ. ಅವನ ತೆರಿಗೆ ಕಾರ್ಡು ಮೇಜಿನ ಮೇಲೇ ಇತ್ತು. ಹೋದ ವರ್ಷ ಮಾಡಿಸಿದ ಹೊಸ ಕಾರ್ಡು, ಇನ್ನೂ ಫಳಫಳ ಹೊಳೆಯುತ್ತಿತ್ತು. ಕೈಗೆತ್ತಿಕೊಂಡೆ.

ಬೋಳುತಲೆ ಬೋಳಾಗಿಯೇ ಇತ್ತು. ಗದ್ದದ ಎರಡು ಮಡಿಕೆ ಎರಡಾಗಿಯೇ ಇದ್ದವು. ಮೂಗಿನ ಪಕ್ಕದ ನರಹುಲಿ, ಕಾಲರು ಸವೆದ ಅಂಗಿ, ಯಾವುದಕ್ಕೂ ಚ್ಯುತಿ ಬಂದಿರಲಿಲ್ಲ.

"ನಿನಗ್ಯಾಕೆ ಕೋಟಿಲ್ಲ ಮಾವ?" ಎಂದೆ.

"ಸರ್ಕಾರಿ ಕೆಲಸ ಅಲ್ವೇನೋ ಪೆದ್ದ," ಎಂದ ಅವನು, ಮ್ಯಾನೇಜರ ಕಡೆ ತಿರುಗಿ ಕಣ್ಣು ಮಿಟುಕಿಸುತ್ತ. "ಇದ್ದದ್ದು ಇದ್ದ ಹಾಗೇ ಕೊಡ್ಬೇಕಾಗುತ್ತೆ."

ಹೇಳಿಯಾದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೆ ಹೊಳೆಯಿತೋ ಇಲ್ಲವೋ, ಮುಖದಲ್ಲಂತೂ ಒಂದು ಗೆರೆಯೂ ಅಲ್ಲಾಡಲಿಲ್ಲ. ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು ಜೇಬಿಗಿಳಿಸಿ ತಟ್ಟಿದ. ಹೆಸರು ಯಾರದಾದರೇನು, ಕೆಲಸ ನೀನೇ ಮಾಡು, ತಿಂಗಳ ಖರ್ಚಿಗೆ ಏನೋ ನೋಡಿ ಕೊಡುತ್ತೇನೆ ಎಂದ. ಕ್ಯಾಮೆರಾ ಹಿಡಿದರೆ ಅವನ ಕೈ ತರಗುಟ್ಟುತ್ತದೆ, ಈಚೆಗೆ ಅವನು ಒಂದು ಫೋಟೋವನ್ನೂ ತೆಗೆದವನಲ್ಲ. ಅದು ಮ್ಯಾನೇಜರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ಸೋಮವಾರ ಇನ್ನೂರು ಜನ ಲೈನಲ್ಲಿ ನಿಂತಿರ್ತಾರೆ," ಎಂದ. "ಎಷ್ಟು ಹೊತ್ತಿಗೆ ಹೊರಡ್ತೀಯ?"

ನಾನು ಬಾಗಿಲ ಕಡೆ ತಿರುಗಿದೆ.

"ನಿನ್ನೇ ಕೇಳ್ತಿರೋದು ಕಣೋ. ಎಷ್ಟು ಹೊತ್ತಿಗೆ?"

ಮ್ಯಾನೇಜರು ಲೋಟ ಕೆಳಗಿಟ್ಟು, ಮೊದಲು ನನ್ನ ಬೆನ್ನನ್ನು, ಆಮೇಲೆ ಮಾವನನ್ನು ನೋಡಿದ್ದು ಬಾಗಿಲ ಗಾಜಿನಲ್ಲಿ ಕಂಡಿತು. ನಾನು ಮೆಟ್ಟಿಲಿಳಿದು ರಸ್ತೆ ದಾಟಿದೆ.