ಬಿಂದುಮಾಧವರ ಇನ್ನೊಂದು ದನಿ

ಖಾನಾಪುರದ ಜನದಾಖಲೆ ಕಚೇರಿಯಲ್ಲಿ ತ್ರಿವೇಣಿ ಕಂಪ್ಯೂಟರ್ ಆಪರೇಟರ್. ಹತ್ತಿರದ ಗುಂಜಿಯೆಂಬ ಹಳ್ಳಿಯಲ್ಲಿ ಎಮ್ಮೆ ಕಟ್ಟಿಕೊಂಡು ಬಾಳುವ ಮನೆಯ ಹುಡುಗಿ. ಆ ಮನೆತನದಲ್ಲಿ ಸರ್ಕಾರಿ ಕಚೇರಿಯ ಕುರ್ಚಿಯ ಮೇಲೆ ಕೂತವಳು ಅವಳೇ ಮೊದಲು. ಜನನ ಪತ್ರ, ವಾಸದ ಪತ್ರ ಎಂದು ಬರುವವರೊಡನೆ ಕನ್ನಡದಲ್ಲಿ, ಮರಾಠಿಯಲ್ಲಿ ನಗುತ್ತ ಮಾತಾಡುತ್ತಿದ್ದಳು. ಅವಳ ಮಾತು ಕಟ್ಟುತ್ತಿದ್ದದ್ದು ಒಬ್ಬರೆದುರು ಮಾತ್ರ, ಮುಖ್ಯಾಧಿಕಾರಿ ಬಿಂದುಮಾಧವ ಕುಲಕರ್ಣಿಯವರ ಎದುರು.

ಅವರು ಬಯ್ಯುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸುತ್ತಿತ್ತು ಅವಳಿಗೆ. ‘ಆತಾ?’ ‘ಇಡು.’ ‘ಹೋಗು.’ ದಿನವಿಡೀ ಅಷ್ಟೇ. ಅವಳ ಹೆಸರು ಅವರಿಗೆ ಗೊತ್ತಿದೆಯೋ ಇಲ್ಲವೋ ಎಂಬ ಅನುಮಾನವೂ ಅವಳಿಗಿತ್ತು.

ಆ ವಾರ ಅವರು ರಜೆಯಲ್ಲಿದ್ದರು. ಹೆಂಡತಿ ಗಂಗೂಬಾಯಿಯವರಿಗೆ ಬೆಳಗಾವಿಯ ನೆಹರು ನಗರದ ಆಸ್ಪತ್ರೆಯಲ್ಲಿ ಮೊಣಕಾಲಿನ ಆಪರೇಷನ್ ಆಗಿತ್ತು. ಕಚೇರಿಯ ಮೊಬೈಲನ್ನು ತ್ರಿವೇಣಿಯ ಮೇಜಿನ ಮೇಲಿಟ್ಟು, ‘ನೋಡ್ಕೋ’ ಎಂದು ಹೊರಟಿದ್ದರು.

ಬುಧವಾರ ಮಧ್ಯಾಹ್ನ ಆ ಮೊಬೈಲ್ ರಿಂಗಾಯಿತು. ಗೊತ್ತಿಲ್ಲದ ನಂಬರು, ಆದರೆ ದನಿ ಸಾಹೇಬರದೇ.

“ತ್ರಿವೇಣಿ, ಊಟ ಆತೇನವಾ?”

ಅವಳು ಕುರ್ಚಿಯಿಂದ ಎದ್ದೇ ನಿಂತಳು. “ಆತ್ರಿ ಸರ್.”

“ನನ್ನ ಫೋನ್ ಚಾರ್ಜ್ ಇಲ್ಲ, ಬಾಜೂದವರದ್ದು ಇಸಗೊಂಡೀನಿ. ಗಂಗೂ ಆರಾಮ ಇದ್ದಾಳ. ನೀ ಒಬ್ಬಾಕಿನ ಎಲ್ಲಾ ಸಂಭಾಳಸ್ಲಿಕತ್ತಿ, ಭಾಳ ತ್ರಾಸ ಆಗೇದ ನಿನಗ. ಒಂದು ಕೆಲಸ ಮಾಡವಾ. ಈ ಮೊಬೈಲಿಗೆ ಈಗ ಒಂದು ಕೋಡ್ ಬರ್ತದ, ಓದಿ ಹೇಳು. ಇಲ್ಲಿಂದನ ಅರ್ಜಂಟ್ ಒಂದು ರಿಪೋರ್ಟ್ ಕಳಸ್ಬೇಕು.”

ಕೋಡ್ ಬಂತು. ಅವಳು ಓದಿ ಹೇಳಿದಳು. “ಶಾಣ್ಯಾಕಿ ಇದ್ದಿ” ಎಂದಿತು ದನಿ.

ಫೋನ್ ಇಟ್ಟ ಮೇಲೂ ಅವಳ ಮುಖದ ಮೇಲಿನ ನಗು ಹೋಗಲಿಲ್ಲ. ಇಷ್ಟು ಅಂತಃಕರಣದ ಮನುಷ್ಯನಿಗೆ ತಾನು ಸುಮ್ಮನೆ ಹೆದರುತ್ತಿದ್ದೆನಲ್ಲ! ಅವರು ಅಷ್ಟು ಕೇಳಿದ ಮೇಲೆ ತಾನೂ ಏನಾದರೂ ಕೇಳಬೇಡವೇ? ಇಷ್ಟು ಹೊತ್ತಿಗೆ ಫೋನ್ ಚಾರ್ಜ್ ಆಗಿರಬಹುದೆಂದುಕೊಂಡು, ಎಂದೂ ಒತ್ತದ ಅವರ ಸ್ವಂತ ನಂಬರನ್ನು ಒತ್ತಿದಳು.

“ಯಾರು?”

“ನಾ ತ್ರಿವೇಣಿ ರೀ ಸರ್. ಅಕ್ಕಾರಿಗೆ ನಮ್ಮ ಮನಿ ಎಮ್ಮಿ ತುಪ್ಪ ತರ್ಲೇನ್ರಿ? ಆರಾಮ ಅದಾರ ಅಂತ ಈಗ ನೀವು ಹೇಳಿದ್ರಲ್ಲಾ, ಭಾಳ ಸಮಾಧಾನ ಆತ್ರಿ.”

“ನಾ ಯಾವಾಗ ಹೇಳಿದೆ?”

“ಈಗ ಫೋನ್ ಮಾಡಿದ್ರಲ್ರೀ… ಕೋಡ್ ಕೇಳಿದ್ರಿ…”

“ಇಂಟರ್ನೆಟ್ ವೈರ್ ಕಿತ್ತು ಹಾಕು. ಯಾವುದಕ್ಕೂ ಕೈ ಹಚ್ಚಬ್ಯಾಡ. ನಾ ಬೆಳಗಾವಿ ಆಫೀಸಿಗೆ ಹೇಳ್ತೀನಿ.”

ಅವಳು ವೈರ್ ಕಿತ್ತಳು. ಆಮೇಲೆ ನೆಲದ ಮೇಲೆ ಕೂತು ಅತ್ತಳು. ಕೆಲಸ ಹೋಯಿತೆಂದೇ ತಿಳಿದಳು.

ಜಿಲ್ಲೆಯ ಸರ್ಕಾರಿ ಕಚೇರಿಗಳ ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುವವಳು ಪ್ರಾಜಕ್ತಾ. ಬಿಂದುಮಾಧವರ ಫೋನ್ ಬಂದ ಕೂಡಲೇ ಅವಳು ಅವರ ಲಾಗಿನ್ನಿಗೆ ಬೀಗ ಹಾಕಿದಳು. ಕಳ್ಳರು ಒಳಗೆ ಬಂದು ದಾಖಲೆಗಳನ್ನು ಹೊರಗೆ ಸಾಗಿಸಲು ಆಗಷ್ಟೇ ಶುರು ಮಾಡಿದ್ದರು. ಹೆಚ್ಚೇನೂ ಹೋಗಿರಲಿಲ್ಲ. ಯಾರ ಯಾರ ದಾಖಲೆ ಹೋಗಿತ್ತೋ ಅವರಿಗೆಲ್ಲ ಎಚ್ಚರಿಕೆ ಕೊಡುವ ವ್ಯವಸ್ಥೆಯೂ ಆಯಿತು.

ಮರುದಿನ ಬೆಳಗಾವಿಯಲ್ಲಿ ವಿಚಾರಣೆ. ಕಚೇರಿಯ ಮೊಬೈಲಿನಲ್ಲಿ ಕರೆಗಳೆಲ್ಲ ತಾವಾಗಿಯೇ ರೆಕಾರ್ಡ್ ಆಗುತ್ತಿದ್ದವು. ಬಿಂದುಮಾಧವರೂ ತ್ರಿವೇಣಿಯೂ ಕೂತಿರಲು ಪ್ರಾಜಕ್ತಾ ಅದನ್ನು ಹಾಕಿ ಕೇಳಿಸಿದಳು.

ತಮ್ಮದೇ ದನಿ ‘ಊಟ ಆತೇನವಾ’ ಎಂದಾಗ ಬಿಂದುಮಾಧವರು ತಲೆ ಎತ್ತಿದರು. ‘ಶಾಣ್ಯಾಕಿ ಇದ್ದಿ’ ಎಂದಾಗ ಕನ್ನಡಕ ತೆಗೆದು ಒರೆಸತೊಡಗಿದರು.

“ನಿಮ್ಮ ಮೀಟಿಂಗಿನ ವಿಡಿಯೋ ಇಂಟರ್ನೆಟ್ಟಿನ್ಯಾಗ ಅವ ಸರ್” ಎಂದಳು ಪ್ರಾಜಕ್ತಾ. “ಅಷ್ಟು ಸಾಕು, ಎಐ ನಿಮ್ಮ ದನಿ ಕಲ್ತು ಏನ ಬೇಕಾದ್ರೂ ಮಾತಾಡ್ತದ.” ಆಮೇಲೆ ತ್ರಿವೇಣಿಯ ಕಡೆ ತಿರುಗಿದಳು. “ಹೊಸಾ ನಂಬರು. ನಿಮಗ ಸಂಶಯ ಬರ್ಲಿಲ್ಲೇನು?”

ತ್ರಿವೇಣಿ ಸೆರಗಿನ ತುದಿ ಹಿಂಡುತ್ತ ಕೂತಿದ್ದಳು. “ಸರ್ ನನ್ನ ಹೆಸರ ಹಿಡಿದು ಕರದ್ರು ರೀ” ಎಂದಳು ಕೊನೆಗೆ. “ಖುಷಿ ಆತು. ಸಂಶಯ ಮಾಡೂದು ನೆನಪ ಆಗ್ಲಿಲ್ರಿ.”

ಪ್ರಾಜಕ್ತಾ ಬರೆಯುವುದನ್ನು ನಿಲ್ಲಿಸಿದಳು. “ಇನ್ನೊಂದು ಮಾತು ಅದ ಸರ್” ಎಂದಳು ಮೆಲ್ಲಗೆ. “ಕೋಡ್ ಒಂದರಿಂದ ಬಾಗಿಲಾ ತೆರಿಯಂಗಿಲ್ಲ. ನಿಮ್ಮ ಪಾಸ್‌ವರ್ಡ್ ಮೊದಲ ಅವರ ಕೈಯಾಗ ಇತ್ತು. ನಿಮ್ಮ ಮೇಲ್ ಓದಿ ಮನಿಯವರ ಆಪರೇಷನ್, ಇವರ ಹೆಸರು ಎಲ್ಲಾ ತಿಳ್ಕೊಂಡಾರ. ಹೋದ ವಾರ ಬಂದ ಒಂದು ಖೊಟ್ಟಿ ಮೇಲ್‌ನ್ಯಾಗ ನೀವ ಆ ಪಾಸ್‌ವರ್ಡ್ ಹಾಕೀರಿ.”

“ಹಾಕೀನಿ” ಎಂದರು ಬಿಂದುಮಾಧವರು. “ಆಸ್ಪತ್ರಿ ಓಡಾಟದಾಗಿದ್ದೆ, ನೋಡದ ಹಾಕೀನಿ. ಹಂಗ ಬರೀರಿ. ಮೊದಲ ತಪ್ಪು ನಂದು. ಈ ಹುಡುಗಿ ತಿರುಗಿ ಫೋನ್ ಮಾಡಿರಲಿಲ್ಲ ಅಂದ್ರ ತಾಲೂಕಿನ ದಾಖಲೆ ಎಲ್ಲಾ ಹೋಗ್ತಿದ್ವು. ಅದನ್ನೂ ಬರೀರಿ.”

ಪ್ರಾಜಕ್ತಾ ಎರಡನ್ನೂ ಬರೆದಳು. ಇಬ್ಬರಿಗೂ ಒಂದೊಂದು ಎಚ್ಚರಿಕೆಯ ಪತ್ರ, ಇಡೀ ಕಚೇರಿಗೆ ತರಬೇತಿ. ಯಾರೇ ಕೋಡ್ ಕೇಳಿದರೂ ಫೋನ್ ಇಟ್ಟು, ಅವರ ಗೊತ್ತಿರುವ ನಂಬರಿಗೆ ತಿರುಗಿ ಮಾಡಬೇಕೆಂಬ ನಿಯಮ ಅಂದಿನಿಂದಲೇ ಜಾರಿಯಾಯಿತು.

ಹೊರಗೆ ಬಂದ ಮೇಲೆ ಬಿಂದುಮಾಧವರು, “ಗಂಗೂ ನಿನ್ನ ನೋಡಬೇಕಂದಾಳ” ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಗಂಗೂಬಾಯಿಯವರು ಕಾಲು ಚಾಚಿ ಮಲಗಿದ್ದರು. ಎಲ್ಲ ಕೇಳಿ, ಹೊಲಿಗೆ ನೋಯುವಷ್ಟು ನಕ್ಕರು.

“ಮಷೀನು ಇವರ ದನಿ ತೊಗೊಂಡು ಎಷ್ಟು ಚಂದ ಮಾತಾಡೇದ ನೋಡವಾ. ಲಗ್ನ ಆದಾಗಿಂದ ನಾನೂ ಇಷ್ಟು ಕೇಳಿಲ್ಲ.” ತ್ರಿವೇಣಿಯ ಕೈ ಹಿಡಿದು ಹಾಸಿಗೆಯ ಅಂಚಿನಲ್ಲಿ ಕೂರಿಸಿಕೊಂಡರು. “ಆದ್ರ ಒಂದು ಹೇಳ್ತೀನಿ. ಮನಿಗೆ ಬಂದ ಮ್ಯಾಲೆ ಇವರು ಹೇಳೂದು ನಿಂದ ಸುದ್ದಿ. ಆ ಗುಂಜಿ ಹುಡುಗಿ ಇದ್ದದ್ದಕ್ಕ ಆಫೀಸು ನಡದದ ಅಂತಾರ.”

ತ್ರಿವೇಣಿ ತಿರುಗಿ ನೋಡಿದಳು. ಬಿಂದುಮಾಧವರು ಕಿಟಕಿಯ ಪರದೆ ಸರಿಸುವ ಕೆಲಸದಲ್ಲಿ ಬಹಳ ಮಗ್ನರಾಗಿದ್ದರು.

ಸಂಜೆ ಬಸ್ ನಿಲ್ದಾಣದ ತನಕ ಅವರೇ ಬಂದರು. ಖಾನಾಪುರದ ಬಸ್ಸಿಗೆ ಗದ್ದಲವೋ ಗದ್ದಲ. ಯಾರಿಗೂ ‘ಸರೀರಿ’ ಎಂದು ಹೇಳದ ಆ ಮನುಷ್ಯ ಜನರ ನಡುವೆ ನುಗ್ಗಿ ಹತ್ತಿ, ಮುಂದಿನ ಸೀಟಿನ ಮೇಲೆ ತಮ್ಮ ಕೈಚೀಲ ಒಗೆದು ಅವಳನ್ನು ಕರೆದರು.

“ಇಲ್ಲಿ ಕುಂದರು” ಎಂದರು, ಎಂದಿನ ಒರಟು ದನಿಯಲ್ಲೇ. “ಹಿಂದ ಭಾಳ ಕುಲುಕತದ.”

ಬಸ್ಸು ಹೊರಟಾಗಲೂ ಅವರು ಕೆಳಗೆ ನಿಂತೇ ಇದ್ದರು.